ಕರೆಂಟು ಮಾತು: ಸೂಟು ಕಪಾಟಿನಲ್ಲಿ, ಕಿಡಿ ಪ್ಯಾನೆಲ್‌ನಲ್ಲಿ

ಕಳೆದ ಸಂಚಿಕೆಯಲ್ಲಿ ಅರ್ಥಿಂಗ್ ಬಗ್ಗೆ ಬರೆಯುತ್ತಾ, ಕೊನೆಗೆ ‘ಆರ್ಕ್ ಫ್ಲಾಶ್ ವಿಷಯ ಇನ್ನೊಮ್ಮೆ ನೋಡೋಣ’ ಅಂತ ಒಂದು ಸಾಲು ಸೇರಿಸಿದ್ದೆ. ಆರ್ಕ್ ಫ್ಲಾಶ್ ಅಂದರೆ ಕರೆಂಟು ಗಾಳಿಯಲ್ಲೇ ಹರಿದು ಹೊತ್ತುವ ದೊಡ್ಡ ಕಿಡಿ. ಅಷ್ಟಕ್ಕೇ ಈ ಸಲದ ಪತ್ರಗಳಲ್ಲಿ ಮುಕ್ಕಾಲು ಪಾಲು ಅದರ ಬಗ್ಗೆಯೇ ಬಂದಿವೆ. ಹಾಗಾಗಿ ತೋಟದ ಪಂಪಿನ ಕಂಡೆನ್ಸರ್ ಬಗ್ಗೆ ಕೇಳಿದವರು ಒಂದು ತಿಂಗಳು ಕಾಯಬೇಕು. ಮಳೆ ಹಿಡಿದಿದೆ, ಪಂಪು ಹೇಗೂ ಓಡುತ್ತಿಲ್ಲ, ಅಲ್ವಾ?

ಹೊಸ ಓದುಗರಿಗೆ ಒಂದು ಮಾತು. ನಾನು 34 ವರ್ಷ ಸಬ್‌ಸ್ಟೇಷನ್ ಮತ್ತು ಲೈನಿನ ಕೆಲಸ ಮಾಡಿ ನಿವೃತ್ತನಾದವನು. ಹೆಚ್ಚು ಕಾಲ ಕಳೆದದ್ದು ಕರಾವಳಿಯಲ್ಲಿ. ಈಗ ಶಿರಸಿ ಹತ್ತಿರ ಮನೆ.

ಪ್ರಶ್ನೆ: ನನ್ನ ಮಗ ಈ ವರ್ಷ ಲೈನಿನ ಕೆಲಸಕ್ಕೆ ಸೇರಿದ್ದಾನೆ. ಶಾಕ್ ಹೊಡೆದರೆ ಅಂತ ನನಗೆ ಮೊದಲೇ ಹೆದರಿಕೆ ಇತ್ತು. ಈಗ ಅವನು ‘ಅಮ್ಮಾ, ಶಾಕಿಗಾದರೆ ಮುಟ್ಟಬೇಕು, ಫ್ಲಾಶಿಗೆ ಮುಟ್ಟುವುದೇ ಬೇಡ’ ಅನ್ನುತ್ತಾನೆ. ಮುಟ್ಟದೆ ಸುಡುವುದು ಹೇಗೆ? — ಒಬ್ಬ ತಾಯಿ, ಸಿದ್ದಾಪುರ

ಮಗ ಸರಿಯಾಗಿಯೇ ಹೇಳಿದ್ದಾನೆ. ಗ್ರಿಲ್ ಮಾಡುವ ಅಂಗಡಿಯಲ್ಲಿ ವೆಲ್ಡಿಂಗ್ ನೋಡಿದ್ದೀರಲ್ಲ? ಕಡ್ಡಿಗೂ ಕಬ್ಬಿಣಕ್ಕೂ ನಡುವೆ ಸ್ವಲ್ಪ ಜಾಗ ಇರುತ್ತದೆ. ಆ ಜಾಗದ ಗಾಳಿಯಲ್ಲೇ ಕರೆಂಟು ಹರಿಯುತ್ತದೆ. ಅದೇ ಆರ್ಕ್. ವೆಲ್ಡಿಂಗಿನಲ್ಲಿ ಸುಮಾರು 100 ಆಂಪಿಯರ್ ಹರಿಯುತ್ತದೆ, ಅದೂ ಬೇಕೆಂದು ಹರಿಸಿದ್ದು. ಪ್ಯಾನೆಲ್ ಒಳಗೆ ಸ್ಪ್ಯಾನರ್ ಜಾರಿ ಬಿದ್ದರೆ, ಹಲ್ಲಿಯೊಂದು ಎರಡು ಬಸ್‌ಬಾರ್‌ಗಳ (ಕರೆಂಟು ಹೊತ್ತ ಲೋಹದ ಪಟ್ಟಿಗಳ) ಮಧ್ಯೆ ಹರಿದುಹೋದರೆ, ಯಾರೂ ಬೇಡವೆಂದರೂ ಸಾವಿರಗಟ್ಟಲೆ ಆಂಪಿಯರ್ ಹರಿಯುತ್ತದೆ. ಆ ಕಿಡಿಯ ಬಿಸಿ ಸುಮಾರು 20,000 ಡಿಗ್ರಿ ಸೆಲ್ಸಿಯಸ್‌ವರೆಗೂ ಏರಬಹುದು. ಸೂರ್ಯನ ಮೇಲ್ಮೈಯ ಬಿಸಿ 5,500 ಡಿಗ್ರಿ ಆಸುಪಾಸು. ಇಷ್ಟು ಬಿಸಿಗೆ ತಾಮ್ರ ಕರಗಿ ನಿಲ್ಲುವುದಿಲ್ಲ, ಆವಿಯಾಗಿಬಿಡುತ್ತದೆ. ಆವಿಯಾದ ತಾಮ್ರ ತನ್ನ ಗಾತ್ರದ 67,000 ಪಟ್ಟು ಹಿಗ್ಗುತ್ತದೆ. ಅದಕ್ಕೇ ಬೆಂಕಿಯ ಜೊತೆ ಸದ್ದು, ಸದ್ದಿನ ಜೊತೆ ಪ್ಯಾನೆಲ್ಲಿನ ಬಾಗಿಲು ಎಲ್ಲಾ ಒಟ್ಟಿಗೆ ಎದೆಗೆ ಬರುತ್ತವೆ. ನಿಂತವನು ಯಾವ ತಂತಿಯನ್ನೂ ಮುಟ್ಟಿರುವುದಿಲ್ಲ.

ಇದು ನಮ್ಮ ಕಾಲದಲ್ಲೂ ಇತ್ತು, ಹೆಸರು ಇರಲಿಲ್ಲ. ‘ಬ್ಲಾಸ್ಟ್ ಆಯ್ತು’ ಅನ್ನುತ್ತಿದ್ದೆವು. ರಾಲ್ಫ್ ಲೀ ಎಂಬ ಅಮೆರಿಕದ ಎಂಜಿನಿಯರ್ 1982ರಲ್ಲಿ ಒಂದು ಲೇಖನ ಬರೆದು, ಇಂಥ ಕಿಡಿ ಎಷ್ಟು ದೂರದವರೆಗೆ ಚರ್ಮ ಸುಡುತ್ತದೆ ಅಂತ ಲೆಕ್ಕ ಹಾಕಿ ತೋರಿಸಿದರು. ಅದು ನಮ್ಮ ಕಿವಿಗೆ ಬೀಳುವ ಹೊತ್ತಿಗೆ ನನ್ನ ಅರ್ಧ ನೌಕರಿ ಮುಗಿದಿತ್ತು. ನಮಗೆ ಕಲಿಸಿದ್ದು ‘ಮುಟ್ಟಬೇಡ’ ಅನ್ನುವುದೊಂದೇ.

ನೀವು ಮನೆಯಲ್ಲೇ ಮಾಡಬಹುದಾದ ಒಂದು ಕೆಲಸ ಇದೆ. ಮಗನ ಬಟ್ಟೆ ನೋಡಿ. ಒಳಗೆ ಹಾಕುವ ಬನಿಯನ್ನು, ಚಡ್ಡಿ, ಕಾಲುಚೀಲ ಎಲ್ಲಾ ಹತ್ತಿಯದ್ದಿರಲಿ. ಈಗಿನ ಹುಡುಗರು ಕ್ರಿಕೆಟ್ ಟೀಮಿನ ಮಿರಿಮಿರಿ ಟಿ-ಶರ್ಟ್ ಹಾಕಿಕೊಂಡು ಅದರ ಮೇಲೆ ಸಮವಸ್ತ್ರ ಹಾಕುತ್ತಾರೆ. ಅದು ಪಾಲಿಯೆಸ್ಟರ್. ಬಿಸಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ. ಹತ್ತಿ ಬಟ್ಟೆಗೂ ಬೆಂಕಿ ಹತ್ತುತ್ತದೆ, ಅದು ಕವಚವೇನಲ್ಲ. ಆದರೆ ಕರಗಿ ಮೈಗೆ ಹಿಡಿಯುವುದಿಲ್ಲ. ಈ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಮುಂದಿನ ಉತ್ತರದಲ್ಲಿ ಹೇಳುತ್ತೇನೆ. ನೀವು ಅದನ್ನು ಓದದಿದ್ದರೂ ಅಡ್ಡಿ ಇಲ್ಲ.

ಪ್ರಶ್ನೆ: ನಮ್ಮ ಸ್ಟೇಷನ್ನಿನ 11 ಕೆವಿ ಪ್ಯಾನೆಲ್ ಮೇಲೆ ಹೊಸದಾಗಿ ಕಿತ್ತಳೆ ಬಣ್ಣದ ಚೀಟಿ ಅಂಟಿಸಿದ್ದಾರೆ. ‘30 ಕ್ಯಾಲೊರಿ’ ಅಂತಿದೆ. ಕಿಡಿಯ ಬಿಸಿ ತಡೆಯುವ 40 ಕ್ಯಾಲೊರಿಯ ಸೂಟೂ ಬಂದಿದೆ. ಜೂನ್ ತಿಂಗಳ ಸೆಕೆಯಲ್ಲಿ ಅದನ್ನು ಹಾಕಿದರೆ 5 ನಿಮಿಷಕ್ಕೆ ಬೆವರಿನ ಸ್ನಾನ. ತಲೆಗವಸಿನ ಗಾಜಿಗೆ ಮಂಜು ಕಟ್ಟಿ ಎದುರಿನದ್ದೇ ಕಾಣುವುದಿಲ್ಲ. ನಿಜ ಹೇಳುತ್ತೇನೆ ಸಾರ್, ಸೂಟು ಕಪಾಟಿನಲ್ಲಿದೆ. ಆಡಿಟ್ ದಿನ ಮಾತ್ರ ಹೊರಗೆ ಬರುತ್ತದೆ. ಏನು ಮಾಡೋಣ? — ಹೆಸರು ಬೇಡವೆಂದ ಆಪರೇಟರ್, ಕಾರವಾರ ತಾಲೂಕು

ನಿಜ ಬರೆದದ್ದಕ್ಕೆ ಥ್ಯಾಂಕ್ಸ್. ನಿಮ್ಮನ್ನು ಬೈಯುವ ಯೋಗ್ಯತೆ ನನಗಿಲ್ಲ. ಯಾಕೆ ಅಂತ ಕೇಳಿ.

ತೊಂಬತ್ತರ ದಶಕದ ಒಂದು ಜುಲೈ. ಕರಾವಳಿಯ ಒಂದು ಸಬ್‌ಸ್ಟೇಷನ್. ನಾಲ್ಕು ದಿನದಿಂದ ಬಿಡದ ಮಳೆ. ಸಂಜೆ ಹೊತ್ತು. ಒಂದು ಫೀಡರಿನ (ಸ್ಟೇಷನ್ನಿನಿಂದ ಊರ ಕಡೆ ಹೋಗುವ ಲೈನಿನ) ಬ್ರೇಕರ್ ಟ್ರಾಲಿಯನ್ನು, ಅಂದರೆ ಚಕ್ರದ ಮೇಲೆ ಕೂತ ಕರೆಂಟು ಕಡಿಯುವ ಸ್ವಿಚ್ಚನ್ನು, ಹೊರಗೆ ತೆಗೆದು ಒರೆಸಿ, ವಾಪಸ್ ಒಳಗೆ ತಳ್ಳುತ್ತಿದ್ದೆವು. ತಳ್ಳುತ್ತಿದ್ದವನು ನನ್ನ ಸಹಾಯಕ. ನಾನು ಬದಿಯಲ್ಲಿ ಎರಡೂವರೆ ಮೀಟರ್ ದೂರ ಮೇಜಿನ ಹತ್ತಿರ ನಿಂತು ಲಾಗ್ ಬುಕ್ಕಿನಲ್ಲಿ ಟೈಮ್ ಬರೆಯುತ್ತಿದ್ದೆ. ಎಡಗೈ ಎತ್ತಿ ವಾಚು ನೋಡಿದೆ. ಆಗ ಕೋಣೆ ಬೆಳ್ಳಗಾಯಿತು. ಸದ್ದು ಕೇಳಿದ ನೆನಪೇ ಇಲ್ಲ, ಆಮೇಲೆ ಎರಡು ದಿನ ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು. ನನ್ನ ಹುಬ್ಬು ಹೋಯಿತು. ಅವನ ಎರಡೂ ಕೈ, ಕುತ್ತಿಗೆ ಸುಟ್ಟವು. ಅವನು ಹಾಕಿದ್ದು ಪಾಲಿಯೆಸ್ಟರ್ ಬೆರೆತ ಟೆರಿಕಾಟ್ ಶರ್ಟು, ಹಬ್ಬಕ್ಕೆ ಹೊಲಿಸಿದ್ದು. ಅದರ ಕಾಲರು ಕುತ್ತಿಗೆಗೆ ಅಂಟಿತ್ತು. ಬದುಕಿದ. ಆದರೆ ಆಮೇಲೆ ಕಾಲರಿರುವ ಶರ್ಟು ಹಾಕಿದ್ದನ್ನು ನಾನು ನೋಡಲಿಲ್ಲ.

ನನ್ನ ಎಚ್‌ಎಂಟಿ ವಾಚು ಈಗಲೂ ಮೇಜಿನ ಖಾನೆಯಲ್ಲಿದೆ. ಗಾಜಿನ ಮೇಲೆ ಗಸಗಸೆಯಷ್ಟು ಸಣ್ಣ ತಾಮ್ರದ ಹನಿಗಳು. ಉಗುರಲ್ಲಿ ಕೆರೆದರೂ ಬರುವುದಿಲ್ಲ, ಗಾಜಿನೊಳಗೇ ಕೂತಿವೆ. ಕಣ್ಣಿಗೂ ವಾಚಿಗೂ ಒಂದು ಗೇಣು ಅಂತರ ಇತ್ತು ಅಷ್ಟೇ.

ಕಾರಣ ಏನು ಗೊತ್ತಾ? ಪ್ಯಾನೆಲ್ ಒಳಗೆ ತೇವ ಕೂರದಂತೆ ಒಂದು ಸಣ್ಣ ಹೀಟರ್ ಇರುತ್ತದೆ. ಅದು ಸುಟ್ಟು ಮೂರು ತಿಂಗಳಾಗಿತ್ತು. ‘ಹೀಟರ್ ಬದಲಿಸಬೇಕು’ ಅಂತ ಲಾಗ್ ಬುಕ್ಕಿನಲ್ಲಿ ನಾನೇ ಬರೆದಿದ್ದೆ. ಬರೆದು ಸುಮ್ನೆ ಕೂತಿದ್ದೆ. ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಊರಿನಲ್ಲಿ, ಉಪ್ಪು ಗಾಳಿಯ ಪಕ್ಕದಲ್ಲಿ, ಒಂದು ಹೀಟರ್ ಹೋದರೆ ಇನ್ಸುಲೇಟರ್ ಮೇಲೆ ಉಪ್ಪುನೀರಿನ ತೆಳು ಪದರ ಕೂರುತ್ತದೆ. ಕರೆಂಟಿಗೆ ಅಷ್ಟು ದಾರಿ ಸಾಕು.

ಈಗ ನಿಮ್ಮ ಚೀಟಿಗೆ ಬರೋಣ. ಚದರ ಸೆಂಟಿಮೀಟರಿಗೆ 1.2 ಕ್ಯಾಲೊರಿ ಬಿಸಿ ತಾಗಿದರೆ ಬರಿ ಚರ್ಮದಲ್ಲಿ ಬೊಬ್ಬೆ ಏಳಲು ಶುರು. ನಿಮ್ಮಲ್ಲಿ 30. ಅಂದರೆ ಅದರ 25 ಪಟ್ಟು. ಆದರೆ ಈ 30 ಅನ್ನುವುದು ಪ್ಯಾನೆಲ್ಲಿನ ಹುಟ್ಟುಗುಣ ಅಲ್ಲ ಮಾರಾಯ್ರೆ. ಅದು ಮುಖ್ಯವಾಗಿ ಮೂರು ಸಂಗತಿಗಳಿಂದ ಬಂದ ಲೆಕ್ಕ: ಫಾಲ್ಟ್ ಕರೆಂಟು (ಶಾರ್ಟ್ ಆದಾಗ ಹರಿಯುವ ಕರೆಂಟು) ಎಷ್ಟು, ನೀವು ಎಷ್ಟು ದೂರ, ಬ್ರೇಕರ್ ಎಷ್ಟು ಹೊತ್ತಿಗೆ ಟ್ರಿಪ್ ಆಗುತ್ತದೆ. 11 ಕೆವಿ ಪ್ಯಾನೆಲ್ಲಿಗೆ ಸಾಮಾನ್ಯವಾಗಿ 910 ಮಿಲಿಮೀಟರ್ ದೂರ ಇಟ್ಟುಕೊಂಡು ಲೆಕ್ಕ ಹಾಕುತ್ತಾರೆ. ಫಾಲ್ಟ್ ಕರೆಂಟು ನಿಮ್ಮ ಕೈಯಲ್ಲಿಲ್ಲ. ಉಳಿದದ್ದು ಸಮಯ. ಸಮಯ ಅರ್ಧ ಆದರೆ ಬಿಸಿಯೂ ಅರ್ಧ. ಹತ್ತನೇ ಒಂದಾದರೆ ಬಿಸಿಯೂ ಹತ್ತನೇ ಒಂದು. ಇಷ್ಟು ಸರಳ ಲೆಕ್ಕ ನಮ್ಮ ಇಲಾಖೆಯ ಬೇರೆ ಯಾವುದರಲ್ಲೂ ಇಲ್ಲ.

ಹಾಗಾದರೆ ಬ್ರೇಕರ್ ಯಾಕೆ ತಡ ಮಾಡುತ್ತದೆ? ನಾವೇ ತಡ ಮಾಡಿಸಿರುತ್ತೇವೆ. ಹಳ್ಳಿ ಕಡೆ ಮರ ಬಿದ್ದರೆ ಆ ಫೀಡರ್ ಮಾತ್ರ ಟ್ರಿಪ್ ಆಗಬೇಕು, ಇಡೀ ತಾಲೂಕು ಕತ್ತಲಾಗಬಾರದು. ಅದಕ್ಕೆ ಫೀಡರಿನ ಬ್ರೇಕರ್ ಮೊದಲು, ಅದು ಕೈಕೊಟ್ಟರೆ 0.3 ಸೆಕೆಂಡು ಬಿಟ್ಟು ಇನ್‌ಕಮರ್ (ಎಲ್ಲಾ ಫೀಡರಿಗೂ ಕರೆಂಟು ತರುವ ಬ್ರೇಕರ್), ಆಮೇಲೆ ಟ್ರಾನ್ಸ್‌ಫಾರ್ಮರ್ ಮೇಲಿನ ಕಡೆ, ಹೀಗೆ ಸರದಿ ಇಟ್ಟಿರುತ್ತೇವೆ. ಮನೆಯಲ್ಲಿ ಕಿರಿಯರು ಕೆಲಸ ಮಾಡಲಿ ಅಂತ ಹಿರಿಯರು ಕಾಯುವ ಹಾಗೆ. ಆದರೆ ಕಿಡಿ ಬಸ್‌ಬಾರ್‌ನಲ್ಲೇ ಹೊತ್ತಿದರೆ ಕಿರಿಯರಿಗೆ ಅದು ಕಾಣುವುದೇ ಇಲ್ಲ. ಹಿರಿಯರು ಸುಮ್ನೆ ಕಾಯುತ್ತಿರುತ್ತಾರೆ. ಬ್ರೇಕರಿಗೆ ಟ್ರಿಪ್ ಆಗಲು ಹೇಳುವ ಸಾಧನ ರಿಲೇ. ನಮ್ಮಲ್ಲಿದ್ದದ್ದು ಡಿಸ್ಕ್ ತಿರುಗುವ ಹಳೇ ರಿಲೇ. ಆಮೇಲೆ ಸೆಟ್ಟಿಂಗ್ ನೋಡಿ ಲೆಕ್ಕ ಹಾಕಿದಾಗ ಸುಮಾರು ಮುಕ್ಕಾಲು ಸೆಕೆಂಡು ಬಂತು. ಮುಕ್ಕಾಲು ಸೆಕೆಂಡಿನಲ್ಲಿ ಮನುಷ್ಯ ಬೆಚ್ಚಿಬೀಳುವುದನ್ನು ಬಿಟ್ಟು ಏನೂ ಮಾಡಲಾರ.

ಹಾಗಾಗಿ ನಿಮ್ಮ ಮೇಲಿನವರನ್ನು ಕೇಳಬೇಕಾದ ಮೊದಲ ಪ್ರಶ್ನೆ, ‘ತೆಳು ಸೂಟು ಕೊಡ್ತೀರಾ?’ ಅಂತಲ್ಲ. ‘ಈ 30 ಎಷ್ಟು ಸೆಕೆಂಡಿನ ಲೆಕ್ಕ?’ ಅಂತ. ಒಂದು ಸೆಕೆಂಡು ಅಂದರೆ ದಾರಿ ಇದೆ. ಪ್ಯಾನೆಲ್ ಒಳಗೆ ಬೆಳಕಿನ ಸೆನ್ಸರ್ ಕೂರಿಸುವ ಆರ್ಕ್ ರಿಲೇ ಬಂದಿದೆ. ಕಿಡಿಯ ಬೆಳಕು ಕಂಡು, ಕರೆಂಟೂ ಏರಿದ್ದು ನೋಡಿ, ಕೆಲವೇ ಮಿಲಿಸೆಕೆಂಡಿನಲ್ಲಿ ಟ್ರಿಪ್ ಹೇಳುತ್ತದೆ. ಬ್ರೇಕರ್ ತೆರೆಯುವ ಸಮಯ ಸೇರಿಸಿದರೂ ಒಟ್ಟು 0.1 ಸೆಕೆಂಡಿನೊಳಗೆ ಮುಗಿಸಬಹುದು. ನಿಮ್ಮ 30 ಆಗ 3 ಆಗುತ್ತದೆ. ಸೂಟು ಬೇಡ ಅಂತಲ್ಲ, ಆದರೆ ಆಗ ಸಾಕಾಗುವ ಬಟ್ಟೆ ಹಗುರ. ಮಂಜು ಕಟ್ಟುವ ಡೇರೆ ಹೊತ್ತು ನಿಲ್ಲಬೇಕಿಲ್ಲ. ಅಷ್ಟು ದುಡ್ಡಿಲ್ಲ ಅಂದರೆ, ನ್ಯೂಮರಿಕಲ್ (ಕಂಪ್ಯೂಟರಿನಂಥ ಹೊಸ) ರಿಲೇ ಇರುವಲ್ಲಿ ‘ಮೆಂಟೆನೆನ್ಸ್’ ಅಂತ ಇನ್ನೊಂದು ಸೆಟ್ಟಿಂಗ್ ಗುಂಪು ಮಾಡಿ ಒಂದು ಸ್ವಿಚ್ಚು ಕೊಡಬಹುದು. ಆ ಕೋಣೆಯಲ್ಲಿ ಮನುಷ್ಯ ಇರುವಷ್ಟು ಹೊತ್ತು ಇನ್‌ಕಮರ್ ತಡವಿಲ್ಲದೆ ಟ್ರಿಪ್ ಆಗುವಂತೆ. ಆ ಅರ್ಧ ಗಂಟೆಯಲ್ಲಿ ಎಲ್ಲೋ ಮರ ಬಿದ್ದು ತಾಲೂಕೆಲ್ಲ ಕತ್ತಲಾದರೆ ಆಗಲಿ. ಫೋನಿನಲ್ಲಿ ಬೈಗುಳ ಕೇಳಿಸಿಕೊಳ್ಳೋಣ, ನಮಗೇನು ಹೊಸತಾ?

ಇನ್ನು ದೂರ. ಬ್ರೇಕರ್ ಆನ್-ಆಫ್ ಮಾಡಲು ಪ್ಯಾನೆಲ್ ಎದುರೇ ಯಾಕೆ ನಿಲ್ಲಬೇಕು? 10 ಮೀಟರ್ ಕೇಬಲ್ಲಿನ ತುದಿಗೆ ಎರಡು ಬಟನ್ ಹಾಕಿ ಬಾಗಿಲಾಚೆ ನಿಂತು ಒತ್ತಬಹುದು. ಟ್ರಾಲಿ ತಳ್ಳಲಿಕ್ಕೂ ಮೋಟರ್ ಸಿಗುತ್ತದೆ. ಪ್ಯಾನೆಲ್ ‘ಆರ್ಕ್ ಪ್ರೂಫ್’ ಅಂತ ಕಂಪನಿಯವರು ಹೇಳಿದರೆ ಒಂದು ಮಾತು ನೆನಪಿಡಿ: ಆ ಪರೀಕ್ಷೆ ಮಾಡುವುದು ಬಾಗಿಲು ಮುಚ್ಚಿ, ಬೋಲ್ಟು ಬಿಗಿದು. ಬಾಗಿಲು ತೆರೆದ ಕ್ಷಣ ಆ ಸರ್ಟಿಫಿಕೇಟ್ ಬರೀ ಕಾಗದ.

ಸೂಟಿನ ಬಗ್ಗೆಯೂ ಸ್ವಲ್ಪ ಹೇಳಬೇಕು. 40 ಕ್ಯಾಲೊರಿ ಸೂಟು ಅಂದರೆ 40ರವರೆಗೆ ಏನೂ ಆಗುವುದಿಲ್ಲ ಅಂತ ಅರ್ಥ ಅಲ್ಲ. ಆ ಸಂಖ್ಯೆಯಲ್ಲಿ, ಬಟ್ಟೆಯ ಹಿಂದಿನ ಚರ್ಮಕ್ಕೆ ಬೊಬ್ಬೆ ಬರುವ ಸಾಧ್ಯತೆ ನೂರಕ್ಕೆ 50. ಹೊಡೆತದ ಒತ್ತಡವನ್ನಂತೂ ಸೂಟು ತಡೆಯುವುದಿಲ್ಲ. ಇನ್ನೊಂದು: ಕಪಾಟಿನಲ್ಲಿ ಇಟ್ಟದ್ದಕ್ಕೆ ಬೂಷ್ಟು ಹಿಡಿದಿದೆಯಾ ನೋಡಿ. ಹಿಡಿದಿದ್ದರೆ ಬ್ಲೀಚ್ ಹಾಕಿ ತಿಕ್ಕಬೇಡಿ, ಬಟ್ಟೆಯ ಗುಣ ಹೋಗುತ್ತದೆ. ಕಂಪನಿ ಬರೆದ ರೀತಿಯಲ್ಲೇ ತೊಳೆಯಿರಿ. ಮತ್ತೆ ಇವತ್ತು ಸಂಜೆ ಹೋಗಿ ಎಲ್ಲಾ ಪ್ಯಾನೆಲ್ಲಿನ ಹೀಟರ್ ಬಿಸಿ ಇದೆಯಾ ಅಂತ ನೋಡಿ. ಲಾಗ್ ಬುಕ್ಕಿನಲ್ಲಿ ಬರೆದು ಬಿಡಬೇಡಿ.

ಪ್ರಶ್ನೆ: ನಮ್ಮದು ಸಣ್ಣ ಐಸ್ ಪ್ಲಾಂಟ್. 250 ಕೆವಿಎ ಟ್ರಾನ್ಸ್‌ಫಾರ್ಮರ್ ಇದೆ. ಮೀನು ರಫ್ತು ಮಾಡುವ ಪಾರ್ಟಿಯವರ ಆಡಿಟರ್ ಬಂದು ‘ಆರ್ಕ್ ಫ್ಲಾಶ್ ಸ್ಟಡಿ ಎಲ್ಲಿ, ಲೇಬಲ್ ಎಲ್ಲಿ’ ಅಂತ ಕೇಳಿದರು. ಇದು ನಮ್ಮ ದೇಶದಲ್ಲಿ ಕಡ್ಡಾಯವೇ? ಅಥವಾ ದುಡ್ಡು ಹೊಡೆಯುವ ದಾರಿಯೇ? — ಐಸ್ ಪ್ಲಾಂಟ್ ಮಾಲೀಕರು, ಅಂಕೋಲಾ

ಎರಡೂ ಅಲ್ಲ. ಆಡಿಟರ್ ಹೇಳುವ ನಿಯಮ ಎನ್‌ಎಫ್‌ಪಿಎ 70ಇ, ಲೆಕ್ಕ ಹಾಕುವ ಕ್ರಮ ಐಇಇಇ 1584. ಎರಡೂ ಅಮೆರಿಕದವು. ಎರಡನೆಯದು 2002ರಲ್ಲಿ ಬಂತು, 2018ರಲ್ಲಿ ಪೂರ್ತಿ ತಿದ್ದಿದರು. ಅಮೆರಿಕದ ಪುಸ್ತಕ ಇಲ್ಲಿಯ ಕಾನೂನಲ್ಲ. ನಮ್ಮದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮ. 2010ರದ್ದು ಹೋಗಿ ಈಗ 2023ರದ್ದು ಬಂದಿದೆ. ಕೆಲಸಗಾರನಿಗೆ ವಿದ್ಯುತ್ತಿನ ಗಾಯ ಆಗದಂತೆ ತಕ್ಕ ಸಲಕರಣೆ ಕೊಡಬೇಕು ಅನ್ನುವುದು ನಮ್ಮಲ್ಲಿ ಹಳೆಯ ನಿಯಮ. ಕಿಡಿಯ ಸುಟ್ಟಗಾಯ ವಿದ್ಯುತ್ತಿನ ಗಾಯ ಅಲ್ಲದೆ ಮತ್ತೇನು? ‘ತಕ್ಕ’ ಅಂದರೆ ಎಷ್ಟು ಅಂತ ತಿಳಿಯಲು ಲೆಕ್ಕ ಬೇಕು. ಆ ಲೆಕ್ಕಕ್ಕೆ ಅಮೆರಿಕದ ಪುಸ್ತಕ ಅನುಕೂಲ. ಅಷ್ಟೇ ಸಂಬಂಧ. ಅವಘಡ ಆದರೆ 24 ಗಂಟೆಯೊಳಗೆ ವಿದ್ಯುತ್ ಪರಿವೀಕ್ಷಣಾಲಯಕ್ಕೆ ತಿಳಿಸಬೇಕು ಅನ್ನುವುದು ಮಾತ್ರ ನಮ್ಮದೇ ಕಾನೂನು. ಅದರಲ್ಲಿ ಚೌಕಾಸಿ ಇಲ್ಲ.

‘ನಮ್ಮದು ಸಣ್ಣ ಪ್ಲಾಂಟ್, ಬರೀ 433 ವೋಲ್ಟ್’ ಅಂತ ನೀವು ಅಂದುಕೊಂಡಿರಬಹುದು. ಒಂದು ಲೆಕ್ಕ ಒಟ್ಟಿಗೆ ಮಾಡೋಣ. 250 ಕೆವಿಎ ಅಂದರೆ ಪೂರ್ತಿ ಲೋಡಿನಲ್ಲಿ 333 ಆಂಪಿಯರ್. ನಿಮ್ಮ ಟ್ರಾನ್ಸ್‌ಫಾರ್ಮರಿನ ಫಲಕದಲ್ಲಿ ಇಂಪಿಡೆನ್ಸ್ (ಟ್ರಾನ್ಸ್‌ಫಾರ್ಮರ್ ಕರೆಂಟಿಗೆ ಒಡ್ಡುವ ಅಡ್ಡಿ) 4.5 ಪರ್ಸೆಂಟ್ ಅಂತಿದ್ದರೆ, ಎದುರಿಗೇ ಶಾರ್ಟ್ ಆದಾಗ ಸುಮಾರು 7,400 ಆಂಪಿಯರ್. ಪ್ಯಾನೆಲ್ಲಿನಲ್ಲಿ 400 ಆಂಪಿಯರ್ ಎಂಸಿಸಿಬಿ (ತಾನೇ ಟ್ರಿಪ್ ಆಗುವ ಬ್ರೇಕರ್) ಇದೆ ಅಂತಿಟ್ಟುಕೊಳ್ಳಿ, ಹತ್ತು ಪಟ್ಟಿಗೆ ಅಂದರೆ 4,000 ಆಂಪಿಯರಿಗೆ ತಕ್ಷಣ ಟ್ರಿಪ್ ಆಗುವಂತೆ ಸೆಟ್ ಮಾಡಿದ್ದಾರೆ. 7,400 ಬಂದರೆ ಕ್ಷಣದಲ್ಲಿ ಟ್ರಿಪ್. ಸರಿ ಅಲ್ವಾ?

ಸರಿ ಅಲ್ಲ. ಕಿಡಿ ಗಾಳಿಯಲ್ಲಿ ಹರಿಯುವಾಗ ಗಾಳಿಯೇ ಅಡ್ಡ ಬರುತ್ತದೆ. ಇಷ್ಟು ಕಡಿಮೆ ವೋಲ್ಟೇಜಿನಲ್ಲಿ ಕರೆಂಟು ಅರ್ಧದ ಹತ್ತಿರಕ್ಕೂ ಇಳಿಯಬಹುದು. 3,500 ಅನ್ನಿ. ಎಂಸಿಸಿಬಿ ಕಾಯುತ್ತಿರುವುದು 4,000ಕ್ಕೆ. ಅದು ‘ಇದು ಓವರ್‌ಲೋಡ್ ಇರಬೇಕು’ ಅಂದುಕೊಂಡು ಒಳಗಿನ ಪಟ್ಟಿ ಬಿಸಿಯಾಗುವವರೆಗೆ ಕೆಲವು ಸೆಕೆಂಡು ಕಾಯುತ್ತದೆ. ಕಡಿಮೆ ಕರೆಂಟು, ಜಾಸ್ತಿ ಸಮಯ, ಜಾಸ್ತಿ ಸುಟ್ಟಗಾಯ. ದೊಡ್ಡ ಸ್ಟೇಷನ್ನಿನ ಪ್ಯಾನೆಲ್ಲಿಗಿಂತ ಸಣ್ಣ ಕಾರ್ಖಾನೆಯ ಬೋರ್ಡಿನ ಲೆಕ್ಕ ಕೆಲವೊಮ್ಮೆ ಜಾಸ್ತಿ ಬರುವುದು ಹೀಗೆ. ಜನ ಓಡಿಹೋಗಬಹುದು ಅಂತ ಲೆಕ್ಕದಲ್ಲಿ ಸಾಮಾನ್ಯವಾಗಿ 2 ಸೆಕೆಂಡಿಗೆ ನಿಲ್ಲಿಸುತ್ತಾರೆ. ಆದರೆ ನಿಮ್ಮ ಪ್ಯಾನೆಲ್ ಕಂಪ್ರೆಸರ್ ಹಿಂದಿನ ಸಂದಿಯಲ್ಲಿದ್ದರೆ ಎಲ್ಲಿಗೆ ಓಡುವುದು? ಆ ಸಂದಿಯನ್ನೂ ಆಡಿಟರಿಗೆ ತೋರಿಸಿ.

ಪರಿಹಾರ ಕೆಲವೊಮ್ಮೆ ಒಂದು ಸ್ಕ್ರೂಡ್ರೈವರಿನ ಕೆಲಸ. ಕಂಪ್ರೆಸರ್ ಮೋಟರ್ ಸ್ಟಾರ್ಟ್ ಆಗುವಾಗ ಎಷ್ಟು ಎಳೆಯುತ್ತದೆ ಅಂತ ಅಳೆದು, ಸ್ಟಾರ್-ಡೆಲ್ಟಾ (ಕಡಿಮೆ ಕರೆಂಟಿನಲ್ಲಿ ಮೋಟರ್ ಶುರುಮಾಡುವ ಸ್ಟಾರ್ಟರ್) ಇದ್ದರೆ ಅದು ಅಷ್ಟೇನೂ ಇರುವುದಿಲ್ಲ, ಆ ಹತ್ತು ಪಟ್ಟನ್ನು ಐದೋ ಆರೋ ಪಟ್ಟಿಗೆ ಇಳಿಸಬಹುದು. ಆಗ 3,500 ಬಂದರೂ ತಕ್ಷಣ ಟ್ರಿಪ್. ಇದನ್ನು ನೀವೇ ತಿರುಗಿಸಬೇಡಿ, ಲೈಸೆನ್ಸ್ ಇರುವವರಿಂದ ಮಾಡಿಸಿ. ಆದರೆ ಸ್ಟಡಿ ಮಾಡಲು ಬಂದವರು ಬರೀ ಲೇಬಲ್ ಅಂಟಿಸಿ ಬಿಲ್ ಕೊಟ್ಟರೆ ‘ಸಂಖ್ಯೆ ಇಳಿಸಲು ಏನು ಮಾಡಬಹುದು?’ ಅಂತ ಕೇಳಿ. ಅದಕ್ಕೆ ಉತ್ತರ ಇಲ್ಲದಿದ್ದರೆ ದುಡ್ಡು ಹೊಡೆಯುವ ದಾರಿ ಅಂತ ನೀವು ಅಂದದ್ದು ಸರಿ. ಟ್ರಾನ್ಸ್‌ಫಾರ್ಮರ್ ಬದಲಾದರೆ, ಹೊಸ ಕಂಪ್ರೆಸರ್ ಬಂದರೆ ಲೆಕ್ಕ ಮತ್ತೆ ಮಾಡಬೇಕು. ಏನೂ ಬದಲಾಗದಿದ್ದರೂ 5 ವರ್ಷಕ್ಕೊಮ್ಮೆ ನೋಡಬೇಕು ಅಂತ 70ಇ ಪುಸ್ತಕವೇ ಹೇಳುತ್ತದೆ.

ಕಡಲ ಬದಿಯ ಪ್ಲಾಂಟಿಗೆ ಲೇಬಲ್ಲಿಗಿಂತ ಮೊದಲು ಇನ್ನೊಂದು ಕೆಲಸ. ಪೂರ್ತಿ ಲೈನ್ ಆಫ್ ಮಾಡಿಸಿ, ಟೆಸ್ಟರಿನಲ್ಲಿ ನೋಡಿ, ಅರ್ಥ್ ಮಾಡಿ, ಆಮೇಲೆ ಬಾಗಿಲು ತೆಗೆಯಿರಿ. ತಾಮ್ರದ ಜೋಡಣೆಗಳ ಮೇಲೆ ಹಸಿರು ಕಿಲುಬು ಕಂಡರೆ ಅಲ್ಲಿ ಬಿಸಿ ಹುಟ್ಟುತ್ತಿರಬಹುದು ಅಂತ ಅರ್ಥ. ಕೇಬಲ್ ಒಳಗೆ ಬರುವ ತೂತುಗಳಿಗೆ ಗ್ಲ್ಯಾಂಡ್ ಇದೆಯಾ, ಅಥವಾ ಹಳೇ ಬಟ್ಟೆ ತುರುಕಿದ್ದಾರಾ? ಮಳೆಗಾಲದಲ್ಲಿ ಇಲಿ, ಹಲ್ಲಿ, ಕಪ್ಪೆ, ಕೆಲವೊಮ್ಮೆ ಹಾವು, ಎಲ್ಲರಿಗೂ ಬೆಚ್ಚನೆ ಜಾಗ ಅಂದರೆ ಪ್ಯಾನೆಲ್ಲೇ. ಒಂದು ಐಸ್ ಪ್ಲಾಂಟಿನಲ್ಲಿ ನಾನು ಆ ತೂತಿಗೆ ಮೀನಿನ ಬಲೆ ಸುತ್ತಿ ಇಟ್ಟದ್ದನ್ನು ನೋಡಿದ್ದೇನೆ. ನೈಲಾನ್ ಬಲೆ. ಬುದ್ಧಿವಂತಿಕೆಗೆ ನಗು ಬಂತು, ಆಮೇಲೆ ಹೆದರಿಕೆ ಆಯಿತು.

ಪ್ರಶ್ನೆ: ಪ್ಯಾನೆಲ್ಲಿಗೆ ಚೀಟಿ ಸರಿ. ಕಾಡಿನ ನಡುವೆ ಕಂಬದ ಮೇಲೆ ಕೆಲಸ ಮಾಡುವ ನಮಗೆ ಯಾವ ಚೀಟಿ? — ಲೈನ್‌ಮ್ಯಾನ್, ಯಲ್ಲಾಪುರ ಕಡೆ

ಒಳ್ಳೆಯ ಪ್ರಶ್ನೆ. ಮೇಲೆ ಹೇಳಿದ 1584ರ ಲೆಕ್ಕ 208 ವೋಲ್ಟಿನಿಂದ 15 ಕೆವಿವರೆಗಿನ ತ್ರೀ ಫೇಸ್ ಸಲಕರಣೆಗೆ. ಬಯಲಿನ ಲೈನಿನಲ್ಲಿ ಒಂದು ಫೇಸಿನ ಕಿಡಿಗೆ ಬೇರೆ ಲೆಕ್ಕ ಬೇಕು. ಅಮೆರಿಕದಲ್ಲಿ ಲೈನ್ ಕೆಲಸದವರಿಗೆಂದೇ ಇರುವ ಕಾನೂನನ್ನು 2014ರಲ್ಲಿ ತಿದ್ದಿದರು. ಕಂಪನಿಯೇ ಕಿಡಿಯ ಬಿಸಿ ಅಂದಾಜು ಮಾಡಬೇಕು, 2 ಕ್ಯಾಲೊರಿ ಮೀರಿದರೆ ಅದಕ್ಕೆ ತಕ್ಕ ಬಟ್ಟೆ ಕೊಡಬೇಕು ಅಂತ. ಬಯಲಿನಲ್ಲಿ ಬಿಸಿ ನಾಲ್ಕೂ ಕಡೆ ಹರಡುತ್ತದೆ. ಪೆಟ್ಟಿಗೆಯೊಳಗಾದರೆ ಎಲ್ಲಾ ನಿಮ್ಮ ಕಡೆಗೇ ಬರುತ್ತದೆ. ಅಷ್ಟರ ಮಟ್ಟಿಗೆ ನೀವು ಪುಣ್ಯವಂತರು.

ಆದರೆ ಎಬಿ ಸ್ವಿಚ್ಚಿನ (ಕಂಬದ ಮೇಲಿನ ಬ್ಲೇಡುಗಳನ್ನು ಕೆಳಗಿನ ಹ್ಯಾಂಡಲಿನಿಂದ ತೆರೆಯುವ ಸ್ವಿಚ್ಚಿನ) ವಿಷಯದಲ್ಲಿ ಅಲ್ಲ. ಅದು ಲೋಡ್ ಮುರಿಯಲು ಮಾಡಿದ್ದಲ್ಲ. ಲೋಡ್ ಇರುವಾಗ ಹ್ಯಾಂಡಲ್ ಎಳೆದರೆ ಬ್ಲೇಡಿನಿಂದ ಬ್ಲೇಡಿಗೆ ಬೆಂಕಿಯ ಹಗ್ಗ ಎಳೆದುಕೊಂಡು ಬರುತ್ತದೆ. ಅದು ಪಕ್ಕದ ಫೇಸಿಗೆ ತಾಗಿದರೆ ಮುಗಿಯಿತು, ಕರಗಿದ ಲೋಹ ಕೆಳಗೆ ನಿಂತವನ ಮೇಲೆ. ‘ಸ್ಟೇಷನ್ನಿಗೆ ಫೋನ್ ಸಿಗಲ್ಲ, ನೆಟ್‌ವರ್ಕ್ ಇಲ್ಲ’ ಅಂತ ನೀವು ಹೇಳುವುದು ನನಗೆ ಗೊತ್ತು. ಬೈಕ್ ಹತ್ತಿ ಗುಡ್ಡದ ನೆತ್ತಿಗೆ ಹೋಗಿ ಫೋನ್ ಮಾಡಿ. ಫೀಡರ್ ಆಫ್ ಆದ ಮೇಲೆ ಎಬಿ ಸ್ವಿಚ್ಚು, ಎಲ್‌ಸಿ (ಲೈನ್ ಆಫ್ ಆಗಿದೆ, ಕೆಲಸ ಮಾಡಬಹುದು ಎಂಬ ಅನುಮತಿ) ಕೈಗೆ ಬಂದ ಮೇಲೆ ಡಿಸ್ಚಾರ್ಜ್ ರಾಡು (ಲೈನಿನಲ್ಲಿ ಉಳಿದ ಕರೆಂಟನ್ನು ನೆಲಕ್ಕಿಳಿಸುವ ಕೋಲು), ಕೆಲಸದ ಜಾಗದ ಎರಡೂ ಕಡೆ ಅರ್ಥ್, ಆಮೇಲೆ ಕಂಬ. ಯಾರದೋ ಮನೆಯ ಜನರೇಟರ್ ಅಥವಾ ಮಾಡಿನ ಸೋಲಾರ್ ಆಚೆಯಿಂದ ಕರೆಂಟು ತಳ್ಳುತ್ತಿರಬಹುದು, ಅದಕ್ಕೇ ಎರಡೂ ಕಡೆ.

ಪ್ರಶ್ನೆ: ರಬ್ಬರ್ ಗ್ಲೌಸ್ ಇದ್ದರೆ ಫ್ಲಾಶಿಗೂ ಆಗುತ್ತದಲ್ಲ? — ಐಟಿಐ ವಿದ್ಯಾರ್ಥಿ, ಕುಮಟಾ

ರಬ್ಬರ್ ಇರುವುದು ಶಾಕಿಗೆ. ಅದರ ಮೇಲೆ ಚರ್ಮದ ಗ್ಲೌಸ್ ಹಾಕಬೇಕು. ರಬ್ಬರ್ ಹರಿಯದಂತೆ ಅದು ಕಾಯುತ್ತದೆ, ಬಿಸಿಗೂ ಸ್ವಲ್ಪ ತಡೆ. 11 ಕೆವಿಗೆ ಕ್ಲಾಸ್ 2 ಬೇಕು, ಅದರ ಮಿತಿ 17 ಕೆವಿ. ಹಾಕುವ ಮೊದಲು ಪ್ರತಿ ಸಲ ತೋಳಿನ ಕಡೆಯಿಂದ ಸುತ್ತಿ ಗಾಳಿ ಒತ್ತಿ, ಕೆನ್ನೆಯ ಹತ್ತಿರ ಹಿಡಿದು ನೋಡು. ಸೂಜಿತೂತು ಇದ್ದರೆ ಕೆನ್ನೆಗೆ ಗೊತ್ತಾಗುತ್ತದೆ. ಆರು ತಿಂಗಳಿಗೊಮ್ಮೆ ಲ್ಯಾಬಿನಲ್ಲಿ ಟೆಸ್ಟ್ ಆಗಬೇಕು. ಕಾಲೇಜಿನಲ್ಲಿರುವ ಗ್ಲೌಸಿನ ಮೇಲಿನ ತಾರೀಖು ನೋಡಿ ನನಗೆ ಬರಿ.

ಪ್ರಶ್ನೆ: ಪಕ್ಕದ ಮನೆಯವರು ವರ್ಕ್‌ಶಾಪಿನಲ್ಲಿ ಫ್ಯೂಸ್ ಹಾಕುವಾಗ ಕಿಡಿ ಹಾರಿ ಕೈ ಸುಟ್ಟಿತು. ಯಾರೋ ಟೂತ್‌ಪೇಸ್ಟ್ ಹಚ್ಚಿದರು, ಯಾರೋ ಕೊಬ್ಬರಿ ಎಣ್ಣೆ. ಸರಿಯಾದದ್ದು ಯಾವುದು? — ಓದುಗರು, ಹೊನ್ನಾವರ

ಎರಡೂ ಬೇಡ. ಮೊದಲು ಕರೆಂಟು ಪೂರ್ತಿ ಆಫ್, ಆಮೇಲೆ ಹತ್ತಿರ ಹೋಗುವುದು. ಬಟ್ಟೆಗೆ ಬೆಂಕಿ ಇದ್ದರೆ ನೆಲದಲ್ಲಿ ಉರುಳಿಸಿ, ಕಂಬಳಿ ಹೊದಿಸಿ ಆರಿಸಿ. ಸುಟ್ಟ ಜಾಗಕ್ಕೆ ನಲ್ಲಿಯ ತಣ್ಣೀರು ಹರಿಯಲಿ, 20 ನಿಮಿಷ. ಮಂಜುಗಡ್ಡೆ ಇಡಬೇಡಿ. ಉಂಗುರ, ವಾಚು, ಕಡಗ ಊದುವ ಮೊದಲೇ ತೆಗೆಯಿರಿ. ಅಂಟಿದ ಬಟ್ಟೆಯನ್ನು ಎಳೆಯಬೇಡಿ, ಸುತ್ತ ಕತ್ತರಿಸಿ. ನಾವು ಅವತ್ತು ಆ ಕಾಲರನ್ನು ಎಳೆದೆವು. ಒಳ್ಳೆಯದಕ್ಕೇ ಅಂತ ಎಳೆದೆವು.

ಆಮೇಲೆ ಶುದ್ಧ ಬಟ್ಟೆ ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ. ಗಾಯ ಸಣ್ಣದು ಕಂಡರೂ ಹೋಗಿ, ಕರೆಂಟು ಮೈಯೊಳಗೂ ಹರಿದಿದ್ದರೆ ಹೃದಯದ ಬಡಿತ ನೋಡಬೇಕಾಗುತ್ತದೆ. ನಮ್ಮ ಜಿಲ್ಲೆಯಲ್ಲಿ ದೊಡ್ಡ ಸುಟ್ಟಗಾಯ ಅಂದರೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರು ಅಥವಾ ಗೋವಾ. ಶಿರಸಿಯಿಂದ ಹುಬ್ಬಳ್ಳಿಗೇ ಸುಮಾರು 100 ಕಿಲೋಮೀಟರ್. ಹಾಗಾಗಿ ಆ 20 ನಿಮಿಷದ ನೀರನ್ನು ಗಡಿಬಿಡಿಯಲ್ಲಿ ಬಿಡಬೇಡಿ. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ.

ಪ್ರಶ್ನೆ: ನಮ್ಮ ಮನೆ ಹಳೇ ಕಾಲದ್ದು. ಮೀಟರ್ ಬೋರ್ಡಿನಲ್ಲಿ ಪಿಂಗಾಣಿ ಫ್ಯೂಸ್. ಎಳೆಯುವಾಗಲೆಲ್ಲ ಚಟ್ ಅಂತ ಕಿಡಿ. ಈ ಲೇಖನಮಾಲೆ ಓದಿ ಈಗ ಫ್ಯೂಸ್ ಮುಟ್ಟಲಿಕ್ಕೇ ಹೆದರಿಕೆ. — ಗೃಹಿಣಿ, ಶಿರಸಿ

ಹೆದರಬೇಡಿ. ಮನೆಯ ಸಿಂಗಲ್ ಫೇಸ್ 230 ವೋಲ್ಟಿನಲ್ಲಿ, ಊರಿನ ಉದ್ದ ಸರ್ವಿಸ್ ವೈರಿನ ತುದಿಯಲ್ಲಿ, ನಾನು ಮೇಲೆ ಹೇಳಿದಂಥ ಕಿಡಿ ಹೊತ್ತಿ ಉರಿಯುತ್ತಾ ನಿಲ್ಲುವುದು ಅಪರೂಪ. ನಿಮಗೆ ಕಾಣುವ ಚಟ್ ಅಂದರೆ ಫ್ರಿಜ್ಜೋ ಮಿಕ್ಸಿಯೋ ಆನ್ ಇರುವಾಗ ಫ್ಯೂಸ್ ಎಳೆಯುತ್ತಿದ್ದೀರಿ ಅಂತ. ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ಮುಖ ಬದಿಗೆ ತಿರುಗಿಸಿ, ಆಮೇಲೆ ಎಳೆಯಿರಿ. ಒಳಗೆ ದಪ್ಪ ತಂತಿ ಸುತ್ತಿದ್ದಾರಾ ನೋಡಿಸಿ. ‘ಪದೇಪದೇ ಹೋಗಬಾರದು’ ಅಂತ ನಾಲ್ಕು ಎಳೆ ಸುತ್ತಿದ ಫ್ಯೂಸು ನಮ್ಮ ಘಟ್ಟದ ಮೇಲೆ ಮನೆಗೊಂದು ಇದೆ. ಕೈಯಲ್ಲಿ ದುಡ್ಡಾದಾಗ ಎಂಸಿಬಿ, ಜೊತೆಗೆ ಶಾಕ್ ತಡೆಯಲು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಎಲೆಕ್ಟ್ರಿಷಿಯನ್ ಬಂದ ದಿನ ಅವನು ‘ಇರ್ಲಿ ಅಕ್ಕ, ಲೈನಲ್ಲೇ ಮಾಡ್ತೆ’ ಅಂದರೆ ಬಿಡಬೇಡಿ. ನೀವೇ ಹೋಗಿ ಮೇನ್ ಆಫ್ ಮಾಡಿ, ಆಮೇಲೆ ಚಾಕ್ಕೆ ನೀರಿಡಿ.